ಆರತಕ್ಷತೆಯ ಅಬ್ಬರದ ಲೆಕ್ಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ - ಯಾವ ಊರಿನ ಕಲ್ಯಾಣ ಮಂಟಪವಾದರೂ ಆರತಕ್ಷತೆಯ ಸಂಜೆ ಒಂದೇ ತೆರ. ವೇದಿಕೆಯ ಮೇಲೆ ಗಂಡು-ಹೆಣ್ಣು ನಿಂತಿರುತ್ತಾರೆ. ಉಡುಗೊರೆ ಹಿಡಿದವರ ಸಾಲು ಫೋಟೊಗ್ರಾಫರನ ಅಪ್ಪಣೆಯಂತೆ ನಿಧಾನವಾಗಿ ಸರಿಯುತ್ತದೆ. ಊಟದ ಪಂಕ್ತಿಯಲ್ಲಿ ಜಾಗ ಸಿಗುವವರೆಗೆ ಉಳಿದ ನೂರಾರು ಮಂದಿ ಕುರ್ಚಿಗಳಲ್ಲಿ ಕಾಯಬೇಕು. ಅವರಿಗೆ ಬೇಸರವಾಗದಿರಲೆಂದು ಮನೆಯವರು ವಾದ್ಯಗೋಷ್ಠಿ ಗೊತ್ತು ಮಾಡಿರುತ್ತಾರೆ. ಆದರೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಸೋದರತ್ತೆ 'ಈಗ ಯಾವ ಕ್ಲಾಸೋ?' ಎಂದು ಕೇಳಿದರೆ ಹುಡುಗ 'ಊಟ ಆಯ್ತು ಅತ್ತೆ' ಎನ್ನುತ್ತಾನೆ. ಮಾತಾಡಲೆಂದೇ ಬಂದ ನೆಂಟರು ಕೈಸನ್ನೆ ಮಾಡಿ ಎದ್ದು ಹೋಗುತ್ತಾರೆ.

ಇದರಲ್ಲಿ ಹಾಡುವವರ ತಪ್ಪು ಸ್ವಲ್ಪ, ಕಟ್ಟಡದ ತಪ್ಪು ಬಹಳ.

ಹಿಂದೆ ಮದುವೆಗಳು ಮನೆಯ ಮುಂದಿನ ಚಪ್ಪರದಲ್ಲಿ ನಡೆಯುತ್ತಿದ್ದವು. ಹೊಸದುರ್ಗ, ಹಿರಿಯೂರಿನ ಕಡೆ ತೆಂಗಿನ ಗರಿಗೇನೂ ಬರವಿರಲಿಲ್ಲ. ಗರಿಯ ಚಪ್ಪರಕ್ಕೆ ಗೋಡೆಯಿಲ್ಲ, ಗಟ್ಟಿಯಾದ ಸೂರಿಲ್ಲ. ವಾಲಗದವರು ಎಷ್ಟೇ ಜೋರಾಗಿ ಊದಿದರೂ ನಾದ ಒಮ್ಮೆ ಕಿವಿ ಮುಟ್ಟಿ ಬಯಲಿಗೆ ಹೋಗಿಬಿಡುತ್ತಿತ್ತು. ವಾಲಗ ನಿಂತಾಗ ಹೆಂಗಸರು ಸೋಬಾನೆ ಹೇಳುತ್ತಿದ್ದರು, ಬೀಗರನ್ನು ಹಾಡಿನಲ್ಲೇ ಹಾಸ್ಯ ಮಾಡುತ್ತಿದ್ದರು, ಗಂಡನ ಹೆಸರನ್ನು ಒಗಟಿನಲ್ಲಿ ಸೇರಿಸಿ ಹೇಳಿಸುತ್ತಿದ್ದರು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯಂಥವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಇವೆಲ್ಲ ಒಬ್ಬರು ಹೇಳಿ ಇನ್ನೊಬ್ಬರು ಉತ್ತರ ಕೊಡುವ ಆಟಗಳು. ಎದುರಿನವರ ಮಾತು ಕೇಳಿಸದಿದ್ದರೆ ಆಟವೇ ಇಲ್ಲ.

ಕಲ್ಯಾಣ ಮಂಟಪದ ಕಥೆ ಬೇರೆ. ಗ್ರಾನೈಟ್ ನೆಲ, ಗಾರೆ ಗೋಡೆ, ಕಾಂಕ್ರೀಟ್ ತಾರಸಿ - ಮೂರೂ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರಿ ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತವೆ. ಹೀಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ಧ್ವನಿ ಉಳಿದುಕೊಳ್ಳುವುದಕ್ಕೆ ಅನುರಣನ ಎಂದು ಹೆಸರು. ಮೊದಲ ಪದ ಅಳಿಯುವ ಮುನ್ನ ಎರಡನೆಯದು, ಮೂರನೆಯದು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದವರು ಅಮೆರಿಕದ ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತು ವಿದ್ಯಾರ್ಥಿಗಳಿಗೆ ಅರ್ಥವೇ ಆಗುತ್ತಿರಲಿಲ್ಲ. ಆಡಿದ ಪದ ಐದೂವರೆ ಸೆಕೆಂಡು ಗುಂಯ್ಗುಡುತ್ತಿತ್ತು. ಸೇಬಿನ್ ರಾತ್ರಿ ಹೊತ್ತು ಹತ್ತಿರದ ನಾಟಕಶಾಲೆಯಿಂದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಅದರ ನಾದ ಅಡಗಲು ಎಷ್ಟು ಹೊತ್ತು ಬೇಕೆಂದು ಗುರುತು ಹಾಕಿಕೊಂಡರು. ಮೆತ್ತೆ ಹೆಚ್ಚಿದಂತೆ ಹೊತ್ತು ಇಳಿಯಿತು. ಅವರು ಕಂಡುಕೊಂಡ ಸೂತ್ರ ಸರಳ: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.16ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಬರುತ್ತವೆ. ಒಂದು ಚದರ ಮೀಟರ್ ತೆರೆದ ಕಿಟಕಿ ಹೀರುವಷ್ಟು ಧ್ವನಿಯೇ ಒಂದು ಅಳತೆ.

30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಮಂಟಪವೊಂದನ್ನು ಊಹಿಸಿಕೊಳ್ಳಿ. ಗಾತ್ರ 2,700 ಘನ ಮೀಟರ್. ನೆಲ, ಗೋಡೆ, ತಾರಸಿ ಸೇರಿ 1,440 ಚದರ ಮೀಟರ್. ನೂರಕ್ಕೆ 3ರಂತೆ ಹೀರಿದರೂ 43 ಅಳತೆ ಅಷ್ಟೆ. ತೆರೆದ ಕಿಟಕಿ ಬಾಗಿಲುಗಳಿಂದ ಇನ್ನೊಂದು 40 ಎನ್ನೋಣ. ಖಾಲಿ ಮಂಟಪದ ಅನುರಣನ 5 ಸೆಕೆಂಡಿಗೂ ಹೆಚ್ಚು. ಸೇಬಿನ್ನರ ಕೊಠಡಿಯಷ್ಟೇ ಕೆಟ್ಟದ್ದು. ಈಗ 500 ಜನ ಬಂದು ಕೂರಲಿ. ಮೈ, ಬಟ್ಟೆ ಸೇರಿ ಒಬ್ಬೊಬ್ಬರು 0.4ರಷ್ಟು ಹೀರಿದರೆ 200 ಅಳತೆ ಕೂಡಿ ಅನುರಣನ ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಮಂಟಪಕ್ಕೆ ನೆಂಟರೇ ಮೆತ್ತೆ!

ಎಡವಟ್ಟು ಆಗುವುದೂ ಇಲ್ಲೇ. ಮೈಕಿನವನು ಧ್ವನಿಯನ್ನು ಹೊಂದಿಸುವುದು ಸಂಜೆ ಐದಕ್ಕೆ, ಖಾಲಿ ಮಂಟಪದಲ್ಲಿ. ಜನ ತುಂಬಿದ ಮೇಲೆ ಅದೇ ಧ್ವನಿ ಸುಮಾರು 5 ಡೆಸಿಬೆಲ್ ತಗ್ಗಿ ಕೇಳುತ್ತದೆ. ಅವನು ಗುಂಡಿ ತಿರುಗಿಸುತ್ತಾನೆ. ಗದ್ದಲದಲ್ಲಿ ಮನುಷ್ಯ ತನಗೇ ಅರಿವಿಲ್ಲದೆ ದನಿಯೇರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದರು. ನೆಂಟರು ಕೂಗಿ ಮಾತಾಡುತ್ತಾರೆ, ಅವರನ್ನು ಮೀರಿಸಲು ಅವನು ಮತ್ತೆ ಗುಂಡಿ ತಿರುಗಿಸುತ್ತಾನೆ. 10 ಡೆಸಿಬೆಲ್ ಏರಿತೆಂದರೆ ಧ್ವನಿಯ ಶಕ್ತಿ ಹತ್ತು ಪಟ್ಟು ಎಂದೇ ಅರ್ಥ. ಕಿವಿಗೆ ಮಾತ್ರ ಅದು ಎರಡು ಪಟ್ಟಿನಂತೆ ತೋರುತ್ತದೆ. ಮೋಸ ಹೋಗುವುದು ಸುಲಭ.

ಹಾಗಾದರೆ ಹಿಂದೆ ಹೋಗಿ ಕುಳಿತರಾಯಿತಲ್ಲ? ಬಯಲಿನಲ್ಲಾದರೆ ದೂರ ಇಮ್ಮಡಿಸಿದಾಗ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ನಡುವೆ ಪೆಟ್ಟಿಗೆಯಿಂದ ಸ್ವಲ್ಪ ದೂರ ಸರಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಪುಟಿದ ಸದ್ದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಮ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರವಿದೆ. ಮೆಟ್ಟಿಲು ಮೆಟ್ಟಿಲಾಗಿ ಕೂರುವುದರಿಂದ ಮುಂದಿನವರ ತಲೆ ಅಡ್ಡ ಬರದೆ ನಟನ ಮಾತು ನೇರವಾಗಿ ಬರುತ್ತದೆ, ಕಲಸಲು ಸೂರಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ಅಲ್ಲಿ ನಾಟಕ ನೋಡಿಬಂದರೆ ವ್ಯತ್ಯಾಸ ತಾನಾಗಿ ತಿಳಿದೀತು.

ಮಕ್ಕಳ ಮಾತು ಬಂತು. ಆರತಕ್ಷತೆಯಲ್ಲಿ ಅವರು ಕುಣಿಯುವುದು ಧ್ವನಿಪೆಟ್ಟಿಗೆಯ ಮುಂದೆಯೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಆ ಹೊತ್ತು ಅರ್ಧ. 100 ಮುಟ್ಟಿದರೆ ಕಾಲು ಗಂಟೆ, ಅಂದರೆ ಮೂರು ಸಿನಿಮಾ ಹಾಡು. ಒಳಗಿವಿಯ ಶಂಖದಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಸುಮಾರು 15 ಸಾವಿರ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಮನೆಗೆ ಬಂದ ಮಗು ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದರೆ ತಾಯಿತಂದೆ ಅದನ್ನು ಹಗುರವಾಗಿ ಕಾಣಬಾರದು.

ಕಿಟಕಿ ತೆರೆದರೆ ಒಳಗಿನವರಿಗೆ ಹಿತ. ಆದರೆ ಹಾಗೆ ಹೊರಬಿದ್ದ ಸದ್ದು ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ಹುಡುಗಿಯ ಮೇಜಿನ ಮೇಲೆ ಬೀಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೆರೆ ಎಳೆದಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣಕ್ಕೆ ಈ ಹೊತ್ತಿನ ಮಿತಿಯಲ್ಲಿ ವಿನಾಯಿತಿ ಇದೆ ಎನ್ನುವವರು ತಮ್ಮ ಮಂಟಪದ ಕಿಟಕಿಗಳ ಕಡೆ ಒಮ್ಮೆ ನೋಡಬೇಕು.

ವೇದಿಕೆಯ ಇಕ್ಕೆಲದಲ್ಲಿ ಆಳೆತ್ತರದ ಪೆಟ್ಟಿಗೆ ನಿಲ್ಲಿಸುವ ಬದಲು ಸಣ್ಣವನ್ನು ಮಂಟಪದ ಉದ್ದಕ್ಕೂ ಹಂಚಿ ತಗ್ಗಿಸಿ ನುಡಿಸಬಹುದು. ನೆಲಕ್ಕೆ ಜಮಖಾನೆ, ಗೋಡೆಗೆ ದಪ್ಪ ಬಟ್ಟೆಯ ಪರದೆ ಇಳಿಬಿಟ್ಟರೂ ಅಷ್ಟಿಷ್ಟು ಹೀರುತ್ತವೆ. ತೆಳು ಬಟ್ಟೆಯ ಅಲಂಕಾರದಿಂದ ಏನೂ ಆಗದು. ನಾಲ್ಕು ಹಾಡಿಗೊಮ್ಮೆ ಹತ್ತು ನಿಮಿಷ ಬಿಡುವು ಕೊಟ್ಟರೆ ಅಜ್ಜಿಯೊಬ್ಬರು ಒಗಟು ಒಡ್ಡಿಯಾರು.

ಹೈಸ್ಕೂಲು ಮಕ್ಕಳಿಗೆ ಒಂದು ಕೆಲಸ. ಮುಂದಿನ ಮದುವೆಗೆ ಬೇಗ ಹೋಗಿ, ಖಾಲಿ ಮಂಟಪದ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಪೂರ್ತಿ ಅಡಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಜಮಖಾನೆ ಹಾಸಿದ ಮೇಲೆ ಇನ್ನೊಮ್ಮೆ, ಮುಹೂರ್ತಕ್ಕೆ ಜನ ಸೇರುವ ಹೊತ್ತಿಗೆ ಮತ್ತೊಮ್ಮೆ. ಮೂರು ಅಂಕಿಗಳನ್ನೂ ಮೈಕಿನವರಿಗೆ ತೋರಿಸಿ.