ಸವೆದ ಟೈರಿನ ಸಾಕ್ಷ್ಯ

ಮೋಟಾರು ವಾಹನದ ಟೈರು ಸವೆಯುವುದು ಸಹಜ. ನೆಲದ ಮೇಲೆ ಉರುಳುವ ರಬ್ಬರು ಸವೆಯದೆ ಉಳಿಯಬೇಕೆಂದು ಯಾರೂ ಬಯಸಲಾರರು. ಆದರೆ ಟೈರಿನ ಒಂದು ಮಗ್ಗುಲು ಬೋಳಾಗಿ ಇನ್ನೊಂದು ಮಗ್ಗುಲು ಹೊಸದರಂತೆಯೇ ಉಳಿದಿದ್ದರೆ ಅದು ಸಹಜವಾದ ಸವೆತವಲ್ಲ. ವಾಹನದಲ್ಲೆಲ್ಲಿಯೋ ದೋಷವುಂಟೆಂಬುದಕ್ಕೆ ಅದು ಸಾಕ್ಷ್ಯ. ಈ ಸಾಕ್ಷ್ಯವನ್ನು ಓದುವ ಮೊದಲೇ ಅಳಿಸಿಹಾಕುವ ಪದ್ಧತಿಯೊಂದು ನಮ್ಮಲ್ಲಿ ಬೇರೂರಿದೆ. ಟೈರಿನ ಅಂಗಡಿಯಲ್ಲಿ ಸವೆದುದನ್ನು ಕಳಚಿ ರಾಶಿಗೆ ಎಸೆಯುತ್ತಾರೆ, ಇಲ್ಲವೆ ಮುಂದಿನದನ್ನು ಹಿಂದಕ್ಕೆ ಹಾಕುತ್ತಾರೆ. ಬಳಿಕ ವಾಹನವನ್ನು ಗಣಕಯಂತ್ರದ ಮುಂದೆ ನಿಲ್ಲಿಸಿ ‘ಅಲೈನ್‌ಮೆಂಟ್’ ಮಾಡಿ ಚೀಟಿ ಕೊಡುತ್ತಾರೆ. ಒಡೆಯರು ಹಣ ತೆತ್ತು ನಿಶ್ಚಿಂತರಾಗುತ್ತಾರೆ. ಟೈರು ಹಾಗೇಕೆ ಸವೆಯಿತೆಂದು ಕೇಳುವವರು ವಿರಳ. ಈ ಕ್ರಮ ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ.

ಅದೇಕೆಂಬುದನ್ನು ತಿಳಿಯಲು ಚಕ್ರದ ನಡೆಯನ್ನು ಸ್ವಲ್ಪ ಪರಿಶೀಲಿಸೋಣ. ವಾಹನವನ್ನು ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮೂತಿಗಳು ಒಂದಕ್ಕೊಂದು ಎದುರಾಗಿ ಒಳಕ್ಕೆ ತಿರುಗಿದ್ದರೆ ಅದನ್ನು ಟೋ-ಇನ್ ಎನ್ನುತ್ತಾರೆ. ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಓಡುವಾಗ ನೆಲದ ತಡೆಯು ಚಕ್ರಗಳನ್ನು ಹೊರಕ್ಕೆ ತಿರುಗಿಸಲು ಯತ್ನಿಸುವುದರಿಂದ ಅನೇಕ ವಾಹನಗಳಿಗೆ ಅತ್ಯಲ್ಪವಾದ ಟೋ-ಇನ್ ಅನ್ನು ತಯಾರಕರೇ ಕೊಟ್ಟಿರುತ್ತಾರೆ. ಅದು ಮಿತಿ ಮೀರಿದಾಗ ತೊಂದರೆ. ಪ್ರತಿಯೊಂದು ಚಕ್ರವೂ ತನ್ನ ನೇರದಿಂದ ಅರ್ಧ ಡಿಗ್ರಿ ತಪ್ಪಿದೆಯೆಂದಿಟ್ಟುಕೊಳ್ಳೋಣ. ಕಣ್ಣಿಗೆ ಕಾಣದಷ್ಟು ಸಣ್ಣ ಕೋನ ಅದು. ಅರ್ಧ ಡಿಗ್ರಿಯ ಸೈನ್ ಬೆಲೆ ಸುಮಾರು 0.0087. ಚಕ್ರವು ಒಂದು ಕಡೆಗೆ ಉರುಳಬಯಸುತ್ತದೆ, ವಾಹನ ಅದನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಟೈರಿನ ಸುಮಾರು 15 ಸೆಂಟಿಮೀಟರು ಉದ್ದದ ಭಾಗ ಯಾವಾಗಲೂ ನೆಲಕ್ಕೆ ಒತ್ತಿಕೊಂಡಿರುತ್ತದೆ. ಆ ಭಾಗದ ಮುಂದಿನ ತುದಿಯಲ್ಲಿ ನೆಲವನ್ನು ಹಿಡಿದ ರಬ್ಬರಿನ ತುಣುಕು ಹಿಂದಿನ ತುದಿಗೆ ಬರುವಷ್ಟರಲ್ಲಿ 1.3 ಮಿಲಿಮೀಟರಿನಷ್ಟು ಅಡ್ಡಕ್ಕೆ ಎಳೆಯಲ್ಪಟ್ಟು, ಹಿಡಿತ ಸಡಿಲುತ್ತಲೇ ನೆಲವನ್ನು ಉಜ್ಜಿಕೊಂಡು ಸ್ವಸ್ಥಾನಕ್ಕೆ ಮರಳುತ್ತದೆ. ಪರಿಧಿ 1.8 ಮೀಟರಾದರೆ ಟೈರು ಒಂದು ಕಿಲೋಮೀಟರಿನಲ್ಲಿ ಸುಮಾರು 550 ಸುತ್ತು ಉರುಳುತ್ತದೆ. ಹತ್ತು ಸಾವಿರ ಕಿಲೋಮೀಟರು ಓಡುವುದರೊಳಗೆ ರಬ್ಬರಿನ ಪ್ರತಿಯೊಂದು ತುಣುಕೂ ಐವತ್ತೈದು ಲಕ್ಷ ಸಲ ಹೀಗೆ ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. ಆ ಎಳೆತಗಳ ಮೊತ್ತ ಏಳು ಕಿಲೋಮೀಟರು! ಒರಟು ಡಾಮರಿನ ಮೇಲೆ ರಬ್ಬರನ್ನು ಅರಪಟ್ಟಿಯಿಂದ ತಿಕ್ಕಿದಂತೆಯೇ ಸರಿ.

ವಿಚಿತ್ರವೆಂದರೆ, ಇಷ್ಟೆಲ್ಲ ನಡೆಯುತ್ತಿದ್ದರೂ ಚಾಲಕನಿಗೆ ಏನೂ ತಿಳಿಯದು. ಟೋ-ಇನ್ ಇರುವಾಗ ಎಡಚಕ್ರ ಬಲಕ್ಕೂ ಬಲಚಕ್ರ ಎಡಕ್ಕೂ ತಳ್ಳುತ್ತವೆ. ಸಮವಾದ ಈ ಎರಡು ಬಲಗಳೂ ಪರಸ್ಪರ ರದ್ದಾಗುತ್ತವೆ. ವಾಹನ ಬಾಣದಂತೆ ನೆಟ್ಟಗೆ ಓಡುತ್ತದೆ, ಸ್ಟೀರಿಂಗು ಯಾವ ಪಕ್ಕಕ್ಕೂ ಎಳೆಯುವುದಿಲ್ಲ. ಜಗಳವೆಲ್ಲ ರಬ್ಬರಿಗೂ ನೆಲಕ್ಕೂ ನಡುವೆ. ಆದುದರಿಂದಲೇ ಸವೆದ ಟೈರಿನ ಮಾತಿಗೆ ಇಷ್ಟು ಬೆಲೆ. ಇಳಿಜಾರು ಹಲಗೆಯ ಮೇಲಿನ ಮರದ ತುಂಡಿನಿಂದ ಬಲಗಳ ವಿಭಜನೆಯನ್ನು ಕಲಿಸುವ ನಮ್ಮ ಪಠ್ಯಪುಸ್ತಕಗಳು, ಕಾಲೇಜಿನ ಅಂಗಳದಲ್ಲಿ ನಿಂತಿರುವ ಕಾರಿನ ಕಡೆಗೂ ಒಮ್ಮೆ ಬೆರಳು ತೋರಿದರೆ ಒಳ್ಳೆಯದಿತ್ತು.

ಚಕ್ರವನ್ನು ಎದುರಿನಿಂದ ನೋಡಿದಾಗ ಅದು ನೆಟ್ಟಗೆ ನಿಲ್ಲದೆ ವಾಲಿದ್ದರೆ ಆ ವಾಲಿಕೆಗೆ ಕ್ಯಾಂಬರ್ ಎಂದು ಹೆಸರು. ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣವನ್ನು ಮೇಜಿನ ಮೇಲೆ ಉರುಳಿಸಿದರೆ ಅದು ನೇರವಾಗಿ ಹೋಗದೆ ವೃತ್ತಾಕಾರವಾಗಿ ಸುತ್ತುವುದನ್ನು ವಾಚಕರು ನೋಡಿರಬಹುದು. ವಾಲಿದ ಚಕ್ರವೂ ಹಾಗೆಯೇ ಸುತ್ತಬಯಸುತ್ತದೆ. ಅದನ್ನು ನೇರವಾಗಿ ಓಡಿಸಿದಾಗ, ಹೆಚ್ಚಿನ ಭಾರ ಹೊತ್ತ ಅಂಚು ಬೇಗ ಸವೆಯುತ್ತದೆ.

ಇವೆರಡರ ಗುರುತುಗಳನ್ನು ಅಂಗೈಯಿಂದಲೇ ಬೇರ್ಪಡಿಸಬಹುದು. ಕ್ಯಾಂಬರಿನ ಸವೆತ ಒಂದೇ ಅಂಚಿನಲ್ಲಿ ನುಣುಪಾಗಿರುತ್ತದೆ. ಟೋ ಕೆಟ್ಟಾಗ ಸವೆತ ಗರಗಸದ ಹಲ್ಲಿನಂತಿರುತ್ತದೆ. ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ ಕೈಯಾಡಿಸಿದಾಗ ನುಣುಪಾಗಿಯೂ ಒಳಗಿನಿಂದ ಹೊರಕ್ಕೆ ಆಡಿಸಿದಾಗ ತರಚಿದಂತೆಯೂ ತೋರಿದರೆ ಟೋ-ಇನ್ ಹೆಚ್ಚಾಗಿದೆ. ಇದಕ್ಕೆ ತಿರುಗುಮುರುಗಾದರೆ ಟೋ-ಔಟ್. ಎರಡೂ ಅಂಚುಗಳು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿತ್ತು, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು ಎಂದರ್ಥ. ಅಲ್ಲಲ್ಲಿ ಬಟ್ಟಲಿನಂತೆ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರುಗಳನ್ನೂ ಚಕ್ರದ ತೂಕದ ಸಮತೋಲವನ್ನೂ ನೋಡಬೇಕು. ಈ ಕೊನೆಯ ಮೂರು ದೋಷಗಳಿಗೆ ಅಲೈನ್‌ಮೆಂಟ್ ಮದ್ದೇ ಅಲ್ಲ. ಗಾಳಿ ಕಡಿಮೆಯಾದುದಕ್ಕೆ ಚಕ್ರದ ಕೋನ ತಿದ್ದಿಸಿ ಹಣ ಕೊಟ್ಟವರು ಎಷ್ಟು ಮಂದಿಯೋ!

ಇಲ್ಲಿ ಹಣಕ್ಕಿಂತ ಮಿಗಿಲಾದ ಮಾತೊಂದಿದೆ. ಟೋ-ಔಟ್ ಆದಾಗಲೂ, ಚಕ್ರದ ತಲೆ ಒಳಕ್ಕೆ ವಾಲಿದಾಗಲೂ ಸವೆಯುವುದು ಟೈರಿನ ಒಳ ಅಂಚು. ವಾಹನದ ಪಕ್ಕದಲ್ಲಿ ನಿಂತವರಿಗೆ ಕಾಣುವುದು ಹೊರ ಅಂಚು ಮಾತ್ರ. ಅಲ್ಲಿ ತೋಡುಗಳು ಆಳವಾಗಿಯೇ ಇರುತ್ತವೆ. ಒಳಗಡೆ ರಬ್ಬರು ತೀರಿ ಉಕ್ಕಿನ ತಂತಿಗಳು ಮೇಲೆದ್ದಿರುತ್ತವೆ. ಕಾರಿನ ಟೈರಿನ ತೋಡು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಆದರೆ ಹೊರ ಅಂಚನ್ನಷ್ಟೆ ನೋಡಿ ತೃಪ್ತರಾದವರಿಗೆ ಆ ನಿಯಮದಿಂದೇನು ಪ್ರಯೋಜನ? ಮಳೆಯಲ್ಲಿ ನೀರನ್ನು ಹೊರದೂಡಲು ತೋಡುಗಳಿಲ್ಲದ ಟೈರು ನೆಲದ ಹಿಡಿತ ಕಳೆದುಕೊಳ್ಳುತ್ತದೆ. ತಂತಿ ಬಯಲಾದ ಟೈರು ಬೇಸಗೆಯ ಹೆದ್ದಾರಿಯಲ್ಲಿ ಒಡೆಯಬಹುದು. ಸಾಲದ ಮೇಲೆ ಟ್ಯಾಕ್ಸಿ ಕೊಂಡು, ಪರರ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಚಾಲಕನಿಗೆ ಇದು ಪ್ರಾಣದ ಪ್ರಶ್ನೆ. ಸ್ಟೀರಿಂಗನ್ನು ಪೂರ್ತಿಯಾಗಿ ಒಂದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ ಮುಂದಿನ ಟೈರಿನ ಒಳ ಅಂಚನ್ನು ಬಗ್ಗಿ ನೋಡಬಹುದು. ಅದಕ್ಕೆ ಬೇಕಾದುದು ಅರ್ಧ ನಿಮಿಷ.

ಚಕ್ರ ತಾನು ಸಾಗುವ ದಿಕ್ಕಿಗೇ ಮುಖ ಮಾಡಿರಬೇಕೆಂಬ ಈ ತತ್ತ್ವ ಮೋಟಾರಿಗಿಂತ ಹಳೆಯದು. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗುವಂತೆ ಮ್ಯೂನಿಕ್ಕಿನ ಗಾಡಿ ತಯಾರಕ ಲಾಂಕೆನ್ಸ್‌ಪೆರ್ಗರ್ ರೂಪಿಸಿದ ಏರ್ಪಾಟಿಗೆ 1818ರಲ್ಲಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ ಪೇಟೆಂಟು ಪಡೆದನು. ಅದು ಕುದುರೆ ಗಾಡಿಗಳ ಕಾಲ. ಚಕ್ರಗಳನ್ನು ಜೋಡಿಸುವ ಅಂದಿನ ಸರಳು ಇಂದು ಟೈ ರಾಡ್ ಎಂಬ ಹೆಸರಿನಿಂದ ನಮ್ಮ ಕಾರುಗಳಲ್ಲಿದೆ. ರಸ್ತೆಯ ಗುಂಡಿಗೆ ಬಿದ್ದಾಗಲೂ, ಉಬ್ಬನ್ನು ವೇಗದಿಂದ ಹಾರಿದಾಗಲೂ ಪೆಟ್ಟು ತಿನ್ನುವುದು ಇದರ ಕೀಲುಗಳೇ, ಇದರ ನೆರೆಯ ಬುಷ್‌ಗಳೇ. ಇವು ಸಡಿಲಗೊಂಡಿದ್ದರೆ, ನಿಂತ ವಾಹನದಲ್ಲಿ ತಿದ್ದಿದ ಕೋನ ಓಡುವ ವಾಹನದಲ್ಲಿ ಉಳಿಯುವುದಿಲ್ಲ. ಬಿರಡೆ ಸಡಿಲವಾದ ವೀಣೆಗೆ ಶ್ರುತಿ ಮಾಡಿದಂತಾಗುತ್ತದೆ. ಯಂತ್ರವೇ ಎಲ್ಲವನ್ನೂ ಸರಿಪಡಿಸುವುದಲ್ಲ, ಟೈರನ್ನು ನೋಡುತ್ತ ಕೂರುವುದೇಕೆ ಎನ್ನುವವರಿಗೆ ನಮ್ಮ ಉತ್ತರ ಇದೇ. ಯಂತ್ರ ಕೋನವನ್ನು ಅಳೆಯಬಲ್ಲದು. ಕೋನವೇಕೆ ಕೆಟ್ಟಿತೆಂದು ಹೇಳಲಾರದು.

ಟೈರುಗಳನ್ನು ಸ್ಥಳ ಬದಲಿಸಿ ಹಾಕುವುದನ್ನು ನಾವು ಬೇಡವೆನ್ನುವುದಿಲ್ಲ. ಕಳಚುವ ಮುನ್ನ ಪ್ರತಿಯೊಂದರ ಮೇಲೆಯೂ ಅದರ ಸ್ಥಾನವನ್ನು ಸೀಮೆಸುಣ್ಣದಿಂದ ಬರೆಯಬೇಕು, ಒಳ ಅಂಚು, ನಡು, ಹೊರ ಅಂಚು ಮೂರರಲ್ಲೂ ತೋಡಿನ ಆಳವನ್ನು ಅಳೆದು ಗುರುತು ಮಾಡಿಕೊಳ್ಳಬೇಕು ಎಂಬುದಷ್ಟೆ ನಮ್ಮ ಒತ್ತಾಯ. ತಿದ್ದುವ ಮೊದಲಿನ ಅಳತೆ, ತಿದ್ದಿದ ಬಳಿಕದ ಅಳತೆ ಎರಡೂ ಇರುವ ಚೀಟಿಯನ್ನು ಕೇಳಿ ಪಡೆಯುವುದು ಹಣ ಕೊಟ್ಟವರ ಹಕ್ಕು. ಅನೇಕ ಸಣ್ಣ ಕಾರುಗಳ ಮುಂದಿನ ಚಕ್ರಗಳಲ್ಲಿ ಸುಲಭವಾಗಿ ತಿದ್ದಬಹುದಾದುದು ಟೋ ಒಂದೇ ಎಂಬುದೂ ನೆನಪಿನಲ್ಲಿರಲಿ.

ಅನುಮಾನ ಬಂದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ನೆಲದಲ್ಲಿ ಸ್ಟೀರಿಂಗನ್ನು ನೇರವಾಗಿಟ್ಟು, ಎರಡು ಮುಂಚಕ್ರಗಳ ಟೈರಿನ ನಡುವೆ, ಮುಂಭಾಗದಲ್ಲಿ, ಒಂದೇ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಣ ದೂರವನ್ನು ಟೇಪಿನಿಂದ ಅಳೆಯಬೇಕು. ಗುರುತುಗಳು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವವರೆಗೆ ವಾಹನವನ್ನು ಕೈಯಿಂದ ಮುಂದಕ್ಕೆ ತಳ್ಳಿ ಮತ್ತೆ ಅಳೆಯಬೇಕು. ಚಕ್ರಕ್ಕೆ ತಲಾ ಅರ್ಧ ಡಿಗ್ರಿ ತಪ್ಪಿದ್ದು, ಗುರುತು ಚಕ್ರದ ನಡುಮಟ್ಟದಲ್ಲಿದ್ದರೆ, ಎರಡು ಅಳತೆಗಳಿಗೂ ಸುಮಾರು ಒಂದು ಸೆಂಟಿಮೀಟರಿನ ವ್ಯತ್ಯಾಸ ಬರುತ್ತದೆ. ಅಡಿಯ ಯಂತ್ರಾಂಗಗಳು ಟೇಪಿಗೆ ಅಡ್ಡ ಬಂದರೆ ಗುರುತನ್ನು ತುಸು ಕೆಳಗೆ ಹಾಕಬಹುದು. ಆಗ ವ್ಯತ್ಯಾಸವೂ ಸ್ವಲ್ಪ ಕಿರಿದಾಗುತ್ತದೆ. ಎರಡು ಚಕ್ರಗಳಲ್ಲಿ ಯಾವುದು ಎಷ್ಟು ತಪ್ಪಿದೆಯೆಂಬುದು ಇದರಿಂದ ತಿಳಿಯದು. ಅದಕ್ಕೆ ಯಂತ್ರವೇ ಬೇಕು.