ಬೆನ್ನಿಗೆ ಸೂಜಿಯೋ, ಪೂರಾ ನಿದ್ದೆಯೋ?

ಶ್ರಾವಣದ ಒಂದು ರವಿವಾರ ಮುಂಜಾನೆ ಔರಾದಿನಿಂದ ಕಾಕಾ ಬಂದರು. ಅವರು ನನ್ನ ತಂದೆಯ ಚಿಕ್ಕಪ್ಪನ ಮಗ, ತೊಗರಿ ಹೆಸರುಗಳ ವ್ಯಾಪಾರಿ, ವಯಸ್ಸು ಐವತ್ತೆಂಟು. ಭಾಲ್ಕಿಗೆ ಬಂದರೆ ಮೊದಲು ಪೇಟೆಯ ಕೆಲಸ, ಆಮೇಲೆ ನಮ್ಮ ಮನೆ, ಇದು ಅವರ ಪದ್ಧತಿ. ಅಂದು ನೇರವಾಗಿ ಮನೆಗೇ ಬಂದು, ಕೊಟ್ಟ ಚಹವನ್ನು ಆರಲು ಬಿಟ್ಟು, ಕೋಣೆಯ ಬಾಗಿಲನ್ನು ತಾವೇ ಮುಚ್ಚಿದರು. ಮಗಳ ಮದುವೆಯ ಮಾತಿರಬೇಕೆಂದು ನಾನು ಊಹಿಸಿದೆ.

"ತಮ್ಮಾ, ಹೈದರಾಬಾದಿನ ಡಾಕ್ಟರ್ ಒಂದು ಆಪರೇಶನ್ ಹೇಳ್ಯಾರ. ಬೆನ್ನಿಗೆ ಸೂಜಿ ಹಾಕಿ ಕೆಳಗಿನ ಮೈ ಜಡ ಮಾಡೂದು ಒಂದು ದಾರಿ ಅಂತ, ಪೂರಾ ಬೇಹೋಶ್ ಮಾಡೂದು ಇನ್ನೊಂದು ಅಂತ. ನೀ ಎಂ.ಎ. ಓದಿದವ. ಯಾವುದು ಛಲೋ ಹೇಳು."

ಕನ್ನಡದ ಎಂ.ಎ. ಪದವಿಯಿಂದ ಹಳಗನ್ನಡ ಪದ್ಯದ ಅನ್ವಯ ಮಾಡಿಕೊಡಬಹುದೇ ಹೊರತು ಇಂಥ ಪ್ರಶ್ನೆಗೆ ಉತ್ತರ ದೊರೆಯದು. "ಯಾವ ಆಪರೇಶನ್ ಕಾಕಾ?" ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಮೂತ್ರಪಿಂಡವೆ? ಅಲ್ಲ. ಹರ್ನಿಯಾ? ಅಲ್ಲ. ಬಹಳ ಹೊತ್ತಿನ ಮೇಲೆ ವಿಷಯ ಹೊರಬಿದ್ದಿತು.

ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಇದನ್ನು ಬರೆಯಬಹುದೇ ಎಂದು ಕಾಕಾ ಅವರನ್ನೇ ಕೇಳಿದ್ದೇನೆ. "ಹೆಸರು ಬ್ಯಾಡ, ಬಾಕಿದ್ದು ಬರಿ. ನನ್ನಂಥವರು ಎಷ್ಟು ಮಂದಿ ಇದ್ದಾರೋ" ಎಂದರು. ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ, ಅಷ್ಟೆ.

ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ ಅವರ ಪಾದಗಳ ಸ್ಪರ್ಶವನ್ನು ಮಂದಗೊಳಿಸಿತ್ತು, ಪುರುಷತ್ವವನ್ನೂ ಕಸಿದುಕೊಂಡಿತ್ತು. ನರಗಳೂ ಸಣ್ಣ ರಕ್ತನಾಳಗಳೂ ಕೆಟ್ಟಾಗ ಹೀಗಾಗುವುದು ಅಪರೂಪವೇನಲ್ಲ. 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಗುಳಿಗೆ ಅನೇಕರಿಗೆ ಗುಣ ಕೊಡುತ್ತದೆ. ಕಾಕಾ ಅವರಿಗೆ ಕೊಡಲಿಲ್ಲ. ಇಂಜೆಕ್ಷನ್ನೂ ಫಲಿಸಲಿಲ್ಲ. ಹಾಗಾದವರಿಗೆ ಉಳಿಯುವ ಮಾರ್ಗವೆಂದರೆ ಅಂಗದೊಳಗೆ ಎರಡು ಕೃತಕ ದಂಡಗಳನ್ನು ಶಸ್ತ್ರಕ್ರಿಯೆಯಿಂದ ಕೂರಿಸುವುದು. ಬೇಕಾದಾಗ ದ್ರವ ತುಂಬಿಸಿ ಬೇಡವಾದಾಗ ಇಳಿಸುವ ಬಗೆಯ ಸಾಧನವು ಅಮೆರಿಕದಲ್ಲಿ 1973ರಲ್ಲಿ ಬೆಳಕಿಗೆ ಬಂದಿತು. ಬಾಗಿಸಬಹುದಾದ ಸಾದಾ ದಂಡಗಳೂ ಇವೆ; ನಮ್ಮ ದೇಶದವರ ಕೈಗೆಟುಕುವಂಥದೊಂದನ್ನು ಮುಂಬಯಿಯ ಡಾ. ರೂಪಿನ್ ಶಾಹ ಅವರು ರೂಪಿಸಿದ್ದಾರೆ. ಕಾಕಾ ಆರಿಸಿಕೊಂಡದ್ದು ಸಾದಾ ದಂಡವನ್ನು. ಕಾಕಿಗೆ ಎಲ್ಲವೂ ಗೊತ್ತಿತ್ತು. ಆಕೆಯ ಒಪ್ಪಿಗೆಯೂ ಇತ್ತು. ಮೂರನೆಯವನಾಗಿ ಗೊತ್ತಾದದ್ದು ನನಗೆ.

ಅವರಿಗೆ ಕತ್ತಿಯ ಭಯವಿರಲಿಲ್ಲ. ಭಯವೆಲ್ಲ ಆ ಎರಡು ದಾರಿಗಳದು. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವಮಾನವಿಡೀ ನಡನೋವು ತಪ್ಪದೆಂದು ನಮ್ಮ ಸೀಮೆಯಲ್ಲಿ ಯಾವ ಓಣಿಯಲ್ಲಿ ಕೇಳಿದರೂ ಹೇಳುತ್ತಾರೆ. ಹೊಟ್ಟೆ ಕೊಯ್ದು ಹೆರಿಗೆಯಾದ ಹೆಂಗಸರು ಇದಕ್ಕೆ ಸಾಕ್ಷಿ. ಸೂಜಿ ಚುಚ್ಚಿದೆಡೆ ಕೆಲವು ದಿನ ನೋಯುವುದುಂಟು. ವರ್ಷಗಟ್ಟಲೆ ಉಳಿಯುವ ನಡನೋವಿಗೂ ಸೂಜಿಗೂ ಸಂಬಂಧ ಕಂಡುಬಂದಿಲ್ಲವೆಂದು ವೈದ್ಯರು ಹೇಳುತ್ತಾರೆ. ಬಸುರು, ಹೆರಿಗೆ, ಕೂಸನ್ನು ಹೊತ್ತು ಬಗ್ಗಿ ಏಳುವ ದುಡಿಮೆ, ಇವು ಸಾಲದೆ ನಡು ನೋಯಲು? ಆದರೆ ಅಪವಾದ ಹೊರುವುದು ಸೂಜಿ.

ಇನ್ನು ಪೂರ್ಣ ಅರಿವಳಿಕೆ. "ಮಲಗಿಸಿದವರು ಎಬ್ಬಿಸದಿದ್ದರೆ?" ಎಂಬುದು ಅದರ ಭಯ. ಇವೆರಡಕ್ಕೂ ಅಡಿಯಲ್ಲಿ ಮೂರನೆಯದೊಂದು ಭಯವಿತ್ತು. ಅದು ನನಗೆ ತಿಳಿದದ್ದು ಮುಂದೆ.

ಮುಂದಿನ ವಾರ ಇಬ್ಬರೂ ಹೈದರಾಬಾದಿಗೆ ಹೊರಟೆವು. ಬೀದರಿನ ಬಸ್ ನಿಲ್ದಾಣಕ್ಕೆ ಬೀಳ್ಕೊಡಲು ಬಂದಿದ್ದ ಕಾಕಿ ನನ್ನ ಕೈಗೆ ಬಟ್ಟೆಯ ಚೀಲವೊಂದನ್ನು ಕೊಟ್ಟು, "ಇದರಾಗ ಗುಳಿಗಿ ಅವ. ಅವರು ಮರೀತಾರ, ನೀ ನೆನಪ ಮಾಡು" ಎಂದರು.

ದಾರಿ ಸವೆಯಲೆಂದು ಕಾಕಾ ಅವರಿಗೆ ನಾನು ಓದಿದ ಒಂದು ಹಳೆಯ ಕಥೆಯನ್ನು ಹೇಳಿದೆ. ಅರಿವಳಿಕೆಯ ವಾದ ನಮ್ಮವರಿಗೆ ಹೊಸದಲ್ಲ. ಬೀದರ್ ಸೀಮೆ 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿತ್ತಷ್ಟೆ. ಆ ರಾಜಧಾನಿಯಲ್ಲಿಯೇ ಒಂದು ಕಾಲಕ್ಕೆ ಜಗತ್ತಿನ ವೈದ್ಯರ ಕಣ್ಣನ್ನೆಲ್ಲ ಸೆಳೆದ ಜಗಳ ನಡೆಯಿತು. ಎಡ್ವರ್ಡ್ ಲಾರಿ ಎಂಬ ಆಂಗ್ಲ ಶಸ್ತ್ರವೈದ್ಯರು ಅಲ್ಲಿಯ ವೈದ್ಯಕೀಯ ಶಾಲೆಯ ಮುಖ್ಯಸ್ಥರು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. 1848ರಲ್ಲಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಹೋದ ಹದಿನೈದರ ಹುಡುಗಿ ಹ್ಯಾನಾ ಗ್ರೀನರ್ ಹಾಗೆ ಸತ್ತಳು. ಹೃದಯ ನಿಂತು ಸಾಯುತ್ತಾರೆಂದು ಲಂಡನ್ನಿನ ಪಕ್ಷ. ಉಸಿರು ನಿಂತು ಸಾಯುತ್ತಾರೆ, ಉಸಿರೊಂದನ್ನು ಕಾಯ್ದರೆ ಯಾರಿಗೂ ಅಪಾಯವಿಲ್ಲ, ನಾಡಿ ಹಿಡಿದು ನೋಡುವ ಕಾರಣವೇ ಇಲ್ಲವೆಂದು ಲಾರಿಯವರ ಪಕ್ಷ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬೊಕ್ಕಸದ ಹಣದಿಂದ 1888ರಲ್ಲಿ ಒಂದು ಆಯೋಗ ನಡೆಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಅದನ್ನೊಪ್ಪಲಿಲ್ಲ. ನಿಜಾಮರು ಸಾವಿರ ಪೌಂಡು ಕೊಟ್ಟು, ನಿಮ್ಮವರನ್ನೇ ಕಳಿಸಿರೆಂದರು. ಲಾಡರ್ ಬ್ರಂಟನ್ ಎಂಬ ತಜ್ಞರು ಬಂದರು. 1889ರ ಎರಡನೆಯ ಆಯೋಗದಲ್ಲಿ ನಾಯಿ ಮಂಗಗಳೇ ಮುಂತಾದ ನಾಲ್ಕುನೂರಕ್ಕೂ ಮಿಕ್ಕ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿ ಬಹುಮಟ್ಟಿಗೆ ಲಾರಿಯವರ ಪಕ್ಷವನ್ನೇ ಹಿಡಿದರು. ಅದೇ ಶಾಲೆಯಲ್ಲಿ ಆ ವರ್ಷವೇ ತೇರ್ಗಡೆಯಾದ ರೂಪಾಬಾಯಿ ಫರ್ದುಂಜಿ ಎಂಬ ಪಾರ್ಸಿ ಮಹಿಳೆಯನ್ನು ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯೆಂದು ಗುರುತಿಸುತ್ತಾರೆ. ಈ ಒಂದು ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಏಕಿಲ್ಲವೋ ಕಾಣೆ.

"ಹಂಗಾರ ನಮ್ಮ ಹೈದರಾಬಾದಿನವರು ಗೆದ್ದರು?" ಎಂದರು ಕಾಕಾ, ಅಭಿಮಾನದಿಂದ.

ಗೆದ್ದಂತಾಯಿತು, ಆದರೆ ತಪ್ಪಿದ್ದರು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲೆಂಡಿನ ವೈದ್ಯರು ತೋರಿಸಿಕೊಟ್ಟರು: ಕ್ಲೋರೋಫಾರ್ಮಿನ ಮಂಪರು ಹಗುರಾಗಿರುವಾಗ ದೇಹದಲ್ಲಿ ಅಡ್ರಿನಲಿನ್ ಉಕ್ಕಿದರೆ ಹೃದಯ ಲಯ ತಪ್ಪಿ ನಿಂತುಬಿಡುತ್ತದೆ. ಅಡ್ರಿನಲಿನ್ ಎಂದರೆ ಅಂಜಿದಾಗ ನಮ್ಮ ರಕ್ತಕ್ಕೆ ಇಳಿಯುವ ರಸ. ಆಯೋಗದ ಬೋನಿನ ನಾಯಿಗಳನ್ನು ಎಷ್ಟು ಎಣಿಸಿದರೂ, ಮೇಜಿನ ಮೇಲೆ ಹೆದರಿ ನಡುಗುತ್ತ ಮಲಗಿದ ಮನುಷ್ಯನ ಲೆಕ್ಕ ಅದರಲ್ಲಿ ಬಂದಿರಲಿಲ್ಲ. ಕ್ಲೋರೋಫಾರ್ಮ್ ಈಗ ಶಸ್ತ್ರಕ್ರಿಯೆಯ ಕೋಣೆಯಿಂದ ಹೊರಟುಹೋಗಿದೆ.

ಬೆನ್ನಸೂಜಿಯ ಜನ್ಮಕಥೆಯನ್ನು ಮಾತ್ರ ಬಸ್ಸಿನಲ್ಲಿ ತಗ್ಗಿದ ದನಿಯಲ್ಲಿ ಹೇಳಬೇಕಾಯಿತು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಎಂಬವರು ಬೆನ್ನಿನ ನೀರಿನೊಳಗೆ ಕೊಕೇನ್ ಸೇರಿಸಿ ಒಬ್ಬ ಕೂಲಿಕಾರನ ಕಾಲಿನ ಶಸ್ತ್ರಕ್ರಿಯೆ ಮಾಡಿದರು. ಆಮೇಲೆ ತಾವೂ ಸಹಾಯಕ ಹಿಲ್ಡೆಬ್ರಾಂಟರೂ ಪರಸ್ಪರ ಪ್ರಯೋಗಕ್ಕೆ ನಿಂತರು. ಸೂಜಿ ಸರಿಯಾಗಿ ಹೊಂದದೆ ಬೀರರ ಬೆನ್ನಿನ ನೀರು ಸೋರಿಹೋಯಿತು. ಹಿಲ್ಡೆಬ್ರಾಂಟರಿಗೆ ಔಷಧ ಹತ್ತಿತು. ಅವರ ಮೊಳಕಾಲ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು, ಗುಹ್ಯದ ರೋಮ ಕಿತ್ತರು, ವೃಷಣವನ್ನು ಜಗ್ಗಿದರು, ನೋವಿಲ್ಲ! ಇಬ್ಬರೂ ಸಂಭ್ರಮದಿಂದ ಊಟಮಾಡಿ ಸುರೆ ಚುಟ್ಟಾಗಳಿಂದ ಹಬ್ಬ ಮಾಡಿದರು. ಮರುದಿನದಿಂದ ಬೀರರು ತಲೆನೋವಿನಿಂದ ಒಂಬತ್ತು ದಿನ ಹಾಸಿಗೆ ಹಿಡಿದರು. ಕಾಕಾ ಬಹಳ ದಿನಗಳ ಮೇಲೆ ನಕ್ಕದ್ದು ಆಗ. "ಅಂದ್ರ ಮೊದಲ ಪರೀಕ್ಷಾನ ಅಲ್ಲೇ ಆಗ್ಯಾದ" ಎಂದರು.

ಆ ತಲೆನೋವು ಇಂದಿಗೂ ಅಪರೂಪಕ್ಕೆ ಬರುವುದುಂಟು. ಸೂಜಿ ಈಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರದ ಕಾರಣ ಬಹಳ ಕಡಿಮೆಯಾಗಿದೆ.

ಆಸ್ಪತ್ರೆಯ ಅರಿವಳಿಕೆ ವೈದ್ಯೆಗೆ ನನ್ನಷ್ಟೇ ವಯಸ್ಸಿದ್ದೀತು. ಆಕೆಯ ಎದುರು ಕಾಕಾ ತಲೆಯೆತ್ತಲಿಲ್ಲ. ಆಕೆ ಶಸ್ತ್ರಕ್ರಿಯೆಯ ಹೆಸರನ್ನೇ ತೆಗೆಯದೆ ದಖನಿಯಲ್ಲಿ ಬೇರೆ ಪ್ರಶ್ನೆಗಳನ್ನು ಕೇಳಿದರು: ಎಷ್ಟು ಮೆಟ್ಟಿಲು ಹತ್ತಬಲ್ಲಿರಿ? ಬೀಡಿ ಎಷ್ಟು ವರ್ಷ ಸೇದಿದಿರಿ? ಉಂಡದ್ದು ಹೊಟ್ಟೆಯಲ್ಲೇ ನಿಂತಂತಾಗುತ್ತದೆಯೆ? ಬಾಯಿ ತೆರೆಯಿಸಿದರು, ಕತ್ತು ಹಿಂದಕ್ಕೆ ಬಾಗಿಸಿದರು, ಪಾದಗಳನ್ನು ಮುಟ್ಟಿ ಸ್ಪರ್ಶ ಎಷ್ಟಿದೆಯೆಂದು ಬರೆದುಕೊಂಡರು. ಸಕ್ಕರೆ ಕಾಯಿಲೆಯವರ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಪೂರ್ಣ ನಿದ್ರೆಯಲ್ಲಿ ಅನ್ನ ಶ್ವಾಸಕೋಶಕ್ಕಿಳಿಯುವ ಅಪಾಯವುಂಟಂತೆ. ಬೀಡಿಯ ಎದೆಗೆ ಗಂಟಲೊಳಗಿನ ನಳಿಗೆ ಒಳ್ಳೆಯದಲ್ಲವಂತೆ. ಅತ್ತ, ನರಗಳು ಸವೆದವರಿಗೆ ಬೆನ್ನಸೂಜಿಯಿಂದ ರಕ್ತದೊತ್ತಡ ಹೆಚ್ಚಾಗಿಯೇ ಕುಸಿಯಬಹುದು. ಇಬ್ಬಂದಿಯೂ ಉಂಟು.

ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಎಲುಬುಗಳ ಮಟ್ಟದಲ್ಲೇ ಮುಗಿಯುತ್ತದೆ, ಸೂಜಿ ಹೋಗುವುದು ಅದರ ಕೆಳಗೆ, ಅಲ್ಲಿ ನರಗಳು ಕುದುರೆಬಾಲದಂತೆ ನೀರಿನಲ್ಲಿ ತೇಲುತ್ತ ಸೂಜಿಗೆ ದಾರಿ ಬಿಡುತ್ತವೆ ಎಂದು ಆಕೆ ಚಿತ್ರ ಬರೆದು ತೋರಿಸಿದರು. ಔಷಧದ ಹೆಸರು ಬ್ಯುಪಿವಕೇನ್. ಸುಮಾರು ಮೂರು ಮಿಲಿಲೀಟರು. ತಳಕ್ಕಿಳಿದು ನಿಲ್ಲಲೆಂದು ಅದಕ್ಕೆ ತುಸು ಗ್ಲುಕೋಸ್ ಬೆರೆಸಿರುತ್ತಾರೆ.

"ಅಲ್ಲೂ ಸಕ್ಕರೀನೇ?" ಎಂದು ಕಾಕಾ ಗಾಬರಿಯಾದರು. ಅಷ್ಟರಿಂದ ಏನೂ ಆಗದೆಂದು ಆಕೆ ನಕ್ಕರು.

"ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ?"

"ಶುಗರಿಂದು ಅಷ್ಟ."

ನನಗೆ ಕಾಕಿಯ ಚೀಲ ನೆನಪಾಯಿತು. ಯಾವ ಅನುಮಾನವೂ ಇಲ್ಲದೆ ಮೇಜಿನ ಮೇಲೆ ಸುರುವಿದೆ. ಆಕೆ ಒಂದು ಪಟ್ಟಿಯನ್ನು ಎತ್ತಿ ಹಿಡಿದು ಸುಮ್ಮನಾದರು. ಅದು ಕ್ಲೊಪಿಡೊಗ್ರೆಲ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಎರಡು ವರ್ಷದ ಹಿಂದೆ ಎದೆ ಹಿಡಿದಾಗ ಬೀದರಿನ ವೈದ್ಯರು ಕೊಟ್ಟದ್ದು. ಇದು ರಕ್ತದಲ್ಲಿರುವಾಗ ಬೆನ್ನಿಗೆ ಸೂಜಿ ಹೋದರೆ ಒಳಗೆ ರಕ್ತ ಸೋರಿ, ಗೂಡುಕಟ್ಟಿ, ನರಗಳನ್ನು ಒತ್ತಿ ಕಾಲುಗಳೇ ಶಾಶ್ವತವಾಗಿ ಬಿದ್ದುಹೋಗಬಹುದು. ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕು. ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸುವುದೂ ಅಪಾಯ.

"ಏಕೆ ಹೇಳಲಿಲ್ಲ ಕಾಕಾ?" ಎಂದೆ.

"ಎದಿ ಸುದ್ದಿ ತೆಗೆದ್ರ ಆಪರೇಶನ್ನೇ ಬ್ಯಾಡ ಅಂತಾರಂತ..." ಅವರ ದನಿ ಕುಗ್ಗಿತು. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಯಾರಾದರೂ ಕೇಳಿಯಾರೆಂಬ ಅಂಜಿಕೆ ಅದರಲ್ಲಿತ್ತು. ಆಕೆ ಕೇಳಲಿಲ್ಲ. ಬರೆಯುವುದನ್ನು ನಿಲ್ಲಿಸಿ, "ಎರಡರಲ್ಲಿ ನಿಮಗೆ ಯಾವುದರ ಹೆದರಿಕೆ ಹೆಚ್ಚು?" ಎಂದಷ್ಟೇ ಕೇಳಿದರು.

ಆಗ ಬಂದಿತು ಆ ಮೂರನೆಯ ಭಯ. ಕಾಲು ಜಡವಾಗಿ, ಕಿವಿ ಮಾತ್ರ ಚುರುಕಾಗಿ, ಬೆತ್ತಲೆ ಮಲಗಿರಬೇಕು. ಸುತ್ತಲಿನವರು ಏನು ಆಡಿಕೊಳ್ಳುತ್ತಾರೋ ಕೇಳಬೇಕು. ಅವರಲ್ಲೊಬ್ಬರು ನಮ್ಮ ಕಡೆಯವರೇ ಆಗಿದ್ದರೆ? ಹಾಗೆಂದು ಪೂರಾ ಮಲಗಿದರೆ ತನ್ನ ಬೆನ್ನಹಿಂದೆ ಏನಂದರೋ ತಿಳಿಯುವುದೇ ಇಲ್ಲ!

ಬೆನ್ನಸೂಜಿಯ ಜೊತೆಗೇ ರಕ್ತನಾಳದಲ್ಲಿ ಹಗುರಾದ ಮಂಪರಿನ ಔಷಧ ಕೊಡಬಹುದು, ತೂಕಡಿಸುತ್ತೀರಿ, ಕರೆದರೆ ಏಳುತ್ತೀರಿ, ಎಂದರು ಆಕೆ. ಗುಳಿಗೆ ನಿಲ್ಲಿಸುವಂತಿಲ್ಲವೆಂದು ಹೃದಯದ ವೈದ್ಯರು ಹೇಳಿದರೆ ಪೂರ್ಣ ಅರಿವಳಿಕೆ. ಸಾದಾ ದಂಡವಾದುದರಿಂದ ಆ ಭಾಗದ ನರಗಳನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಔರಾದಿನಲ್ಲಿ ಎರಡಾಗಿದ್ದ ದಾರಿ ಇಲ್ಲಿ ಮೂರು ನಾಲ್ಕಾಯಿತು.

ಯಾವುದು ಮೇಲು ಎಂಬ ಕಾಕಾ ಅವರ ಮೊದಲ ಪ್ರಶ್ನೆಗೆ ನಾನೂ ಅಷ್ಟಿಷ್ಟು ಹುಡುಕಿದ್ದೆ. ತೊಡೆಯ ಮೇಲ್ತುದಿಯ ಎಲುಬು ಮುರಿದ 1600 ಮಂದಿಯನ್ನು ಅಮೆರಿಕ ಕೆನಡಾಗಳಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಬೆನ್ನಸೂಜಿ, ಇನ್ನೊಂದಕ್ಕೆ ಪೂರ್ಣ ಅರಿವಳಿಕೆ ಕೊಟ್ಟು ನೋಡಿದ್ದಾರೆ. 2021ರಲ್ಲಿ ಬಂದ ಫಲಿತಾಂಶ: ಅರವತ್ತು ದಿನಗಳ ಮೇಲೆ ನಡೆಯುವುದರಲ್ಲಿ, ಬದುಕುಳಿಯುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಗುಂಪಿನ ಮಾತು ಅದು. ಗುಂಪಿನಲ್ಲಿ ಕಾಕಿಯ ಚೀಲ ಇರುವುದಿಲ್ಲ.

ಶಸ್ತ್ರಕ್ರಿಯೆ ಮೂರು ವಾರ ಮುಂದೆ ಹೋಯಿತು. ಹೃದಯ ಪರೀಕ್ಷೆಯಾಗಿ ಗುಳಿಗೆಗೆ ಏಳು ದಿನಗಳ ಬಿಡುವು ದೊರೆಯಿತು. ಆ ಅವಧಿಯಲ್ಲಿ ಸಕ್ಕರೆಯನ್ನೂ ಹತೋಟಿಗೆ ತಂದರು. ಇಲ್ಲದಿದ್ದರೆ ಕೃತಕ ದಂಡಕ್ಕೆ ಸೋಂಕು ತಗಲಿ ಅದನ್ನೇ ತೆಗೆದುಹಾಕಬೇಕಾಗುವ ಭಯವಿರುತ್ತದಂತೆ. ನಿಗದಿಯಾದ ದಿನ ಬೆನ್ನಸೂಜಿಯೇ ಆಯಿತು. ಕಾಲುಗಳಿಗೆ ಅರಿವು ಮರಳಲು ನಾಲ್ಕು ತಾಸು ಹಿಡಿಯಿತು. ರಾತ್ರಿಯೆಲ್ಲ ಮೂತ್ರದ ನಳಿಗೆ ಇತ್ತು. ತಲೆನೋವು ಬರಲಿಲ್ಲ.

ಮರುದಿನ ಹಾಸಿಗೆಯ ಪಕ್ಕದಲ್ಲಿ ಕುಳಿತು, "ಒಳಗೆ ಏನೇನು ಕೇಳಿಸಿತು ಕಾಕಾ?" ಎಂದೆ.

"ಏನಿಲ್ಲ ತಮ್ಮಾ. ರೇಡಿಯೋದಾಗ ಹಾಡು ಹತ್ತಿತ್ತು. ಯಾರೋ ಚಹಾ ಥಂಡಾ ಆಯ್ತು ಅಂದ್ರು. ಇನ್ನೊಬ್ಬಾತ ಮಗನ ಶಾಲಿ ಫೀಸಿನ ಮಾತ ಆಡ್ಲಿಕತ್ತಿದ್ದ. ನನ್ನ ಸುದ್ದಿ ಮಾತ್ರ ಒಬ್ಬರೂ ತೆಗೀಲಿಲ್ಲ ನೋಡು" ಎಂದರು ಕಾಕಾ. ಅವರ ದನಿಯಲ್ಲಿ ತುಸು ನಿರಾಶೆಯೂ ಇದ್ದಂತೆ ನನಗೆ ತೋರಿತು.