ನೀರಿನಡಿಯ ಗುರುಕುಲವಾಸ



ನಮ್ಮ ಹುತ್ತೂರಿನ ಸೀಮೆಯಲ್ಲಿ ನೀರೆಂಬುದು ಕಣ್ಣೆದುರಿಗೆ ಹರಿಯುವ ಪದಾರ್ಥವಲ್ಲ. ನೆಲವನ್ನು ಸಾವಿರ ಅಡಿ ಕೊರೆಯಿಸಿ, ದೇವರ ಮೇಲೆ ಭಾರ ಹಾಕಿ ಕಾಯತಕ್ಕ ಪದಾರ್ಥ. ವರ್ಷವೆಲ್ಲ ಹರಿಯುವ ಹೊಳೆ ಕೋಲಾರದ ಜಿಲ್ಲೆಯಲ್ಲಿ ಒಂದಾದರೂ ಇಲ್ಲ. ಇಂತಹ ಸೀಮೆಯಲ್ಲಿ ಹುಟ್ಟಿದ ಹುಡುಗನೊಬ್ಬನು ತಾನು ಸಮುದ್ರದ ಅಡಿಯಲ್ಲಿ ಉದ್ಯೋಗ ಮಾಡುವೆನೆಂದು ಹೊರಟರೆ ಹೆತ್ತವರ ಎದೆ ಹೇಗಿದ್ದೀತು?

ಕಳೆದ ವರ್ಷ ಮಳೆಗಾಲ ಮುಗಿಯುತ್ತ ಬಂದಿದ್ದಾಗ ಒಂದು ಸಾಯಂಕಾಲ ನೆರೆಮನೆಯ ಗೃಹಿಣಿಯು ನಮ್ಮ ಜಗುಲಿಗೆ ಬಂದು ಕುಳಿತರು. “ಮೇಷ್ಟ್ರೇ, ನಿಮ್ಮ ಹತ್ತಿರ ಓದಿದ ಹುಡುಗ, ನೀವು ಒಂದು ಮಾತು ಹೇಳಿದರೆ ಕೇಳ್ತಾನೆ. ಆರು ತಿಂಗಳು ಸಂಬಳವಿಲ್ಲವಂತೆ, ನಾವೇ ದುಡ್ಡು ಕಟ್ಟಬೇಕಂತೆ, ಮೇಲಾಗಿ ನೀರೊಳಕ್ಕೆ ಇಳೀಬೇಕಂತೆ. ಇದು ಯಾವ ಸೀಮೆ ಕೆಲಸ?” ಎಂದರು. ಹುಡುಗನಿಗೆ ಇಪ್ಪತ್ತೆರಡು ವಯಸ್ಸು, ಪದವಿಯನ್ನು ಮುಗಿಸಿದ್ದನು. ತಂದೆ ಆ ವರ್ಷ ಟೊಮೇಟೊ ಬೆಳೆಯಲ್ಲಿ ನಾಲ್ಕು ಕಾಸು ಕಂಡಿದ್ದರು. ಆ ಕಾಸೇ ಈಗ ಕಡಲಿಗೆ ಹೊರಟು ನಿಂತಿತ್ತು. “ಬೇಡವೆಂದು ಹೇಳಿರಿ” ಎಂಬುದೇ ಆಕೆಯ ಇಂಗಿತವೆಂದು ತಿಳಿಯುವುದು ಕಷ್ಟವಾಗಲಿಲ್ಲ. ತಿಳಿಯದ ವಿಷಯಕ್ಕೆ ಬೇಡವೆನ್ನುವುದು ಬಹಳ ಸುಲಭ. ಆದರೆ ಮೂವತ್ತು ವರ್ಷ ಮಕ್ಕಳಿಗೆ “ವಿಚಾರಿಸಿ ಹೇಳು” ಎಂದು ಬೋಧಿಸಿದವನಿಗೆ ಅದು ಶೋಭಿಸುವುದಿಲ್ಲ. ಎಂಟು ದಿವಸ ಅವಕಾಶ ಬೇಡಿ, ಹುಡುಗನನ್ನು ಕರೆದು, ಅವನಲ್ಲಿದ್ದ ಕಾಗದಪತ್ರಗಳನ್ನೆಲ್ಲ ಓದಿಸಿ ಕೇಳಿದೆನು. ಹಾಗೆ ತಿಳಿದುಕೊಂಡುದನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ. ಇಂತಹ ಪ್ರಶ್ನೆ ಇನ್ನೊಂದು ಮನೆಯಲ್ಲಿಯೂ ಏಳಬಹುದಷ್ಟೆ.

ಹುಡುಗನಿಗೆ ಈ ಗೀಳು ಹತ್ತಿದುದು ೨೦೨೨ರಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ ಚಿತ್ರದಿಂದ. ದಿವಂಗತ ಪುನೀತ್ ರಾಜ್‌ಕುಮಾರರು ನೇತ್ರಾಣಿ ದ್ವೀಪದ ಬಳಿ ಸಮುದ್ರದೊಳಕ್ಕೆ ಇಳಿಯುವುದನ್ನು ಅದರಲ್ಲಿ ಕಂಡವರು ಅನೇಕರು. ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿರುವ ಬಂಡೆಯ ದ್ವೀಪ. ಅದರ ಸುತ್ತಲಿನ ನೀರಿನಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಉಂಟು. ಮಳೆಗಾಲ ಕಳೆದ ಮೇಲೆ ಬೇಸಗೆಯವರೆಗೆ ಯಾತ್ರಿಕರನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಕೈಹಿಡಿದು ಕೆಳಗಿಳಿಸಿ ತೋರಿಸುವ ಕೇಂದ್ರಗಳು ಮುರುಡೇಶ್ವರದಲ್ಲಿವೆ. ಈ ವಿದ್ಯೆಗೆ ಸ್ಕೂಬಾ ಎಂದು ಹೆಸರು. ನೀರಿನೊಳಗೆ ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಕೊಡುವ ಯಂತ್ರವನ್ನು ೧೯೪೩ರಲ್ಲಿ ಫ್ರಾನ್ಸ್ ದೇಶದಲ್ಲಿ ಝಾಕ್ ಕುಸ್ತೋ, ಎಮಿಲ್ ಗಾನ್ಯಾನ್ ಎಂಬಿಬ್ಬರು ಸಿದ್ಧಪಡಿಸಿದರು. ಅದಕ್ಕೆ ಮುಂಚೆ ಈ ಸಾಮರ್ಥ್ಯಕ್ಕೆ ನಮಗಿದ್ದ ಉದಾಹರಣೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಜಲಸ್ತಂಭನ ವಿದ್ಯೆಯೊಂದೇ.

ಯಾತ್ರಿಕನಾಗಿ ಒಂದು ಸಾರಿ ಇಳಿದು ಬರುವುದು ಬೇರೆ, ಅದನ್ನೇ ವೃತ್ತಿಯಾಗಿ ಹಿಡಿಯುವುದು ಬೇರೆ. ೧೯೬೬ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ಯಾಡಿ ಎಂಬ ಸಂಸ್ಥೆಯ ಕ್ರಮವು ಈಗ ಬಹುಕಡೆ ನಡೆಯುತ್ತಿದೆ. ಅದರಲ್ಲಿ ಮೊದಲ ಮೆಟ್ಟಿಲಿನವನು ೧೮ ಮೀಟರು ಆಳದವರೆಗೆ, ಎರಡನೆಯ ಮೆಟ್ಟಿಲಿನವನು ೩೦ ಮೀಟರಿನವರೆಗೆ ಹೋಗಬಹುದು. ಮೂರನೆಯದು ಅಪಾಯದಲ್ಲಿರುವವರನ್ನು ರಕ್ಷಿಸುವ ವಿದ್ಯೆ. ಇವಿಷ್ಟೂ ಆದ ಮೇಲೆ ವೃತ್ತಿಯ ಮೊದಲ ಪದವಿಯಾದ ಡೈವ್ ಮಾಸ್ಟರ್. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು; ಆರಂಭಿಸುವಾಗ ೪೦ ಸಾರಿ, ಮುಗಿಸುವ ವೇಳೆಗೆ ೬೦ ಸಾರಿ ನೀರಿಗಿಳಿದ ದಾಖಲೆ ಇರಬೇಕು. ಇತರರಿಗೆ ಕಲಿಸುವ ಶಿಕ್ಷಕನಾಗಬೇಕಾದರೆ ೧೦೦ ಸಾರಿ. “ಹಾಗಾದರೆ ನೀನೂ ಮೇಷ್ಟ್ರೇ ಆಗುವೆಯೆನ್ನು” ಎಂದೆನು. ಹುಡುಗ ನಕ್ಕನು.

ಇಷ್ಟು ಸಾರಿ ಇಳಿಯುವುದಕ್ಕೆ ಹಣವೆಲ್ಲಿಂದ ಬರಬೇಕು? ಅಲ್ಲಿಯೇ ಇಂಟರ್ನ್ ಎಂಬ ಪದವು ಹುಟ್ಟುತ್ತದೆ. ಕಲಿಯುವವನು ಕೇಂದ್ರದಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾನೆ. ಪ್ರತಿಯಾಗಿ ಅವರು ವಿದ್ಯೆಯನ್ನು ಉಚಿತವಾಗಿಯೋ ಕಡಿಮೆ ಶುಲ್ಕಕ್ಕೋ ಕಲಿಸುತ್ತಾರೆ. ಹಿಂದೆ ಕಚೇರಿಗಳಲ್ಲಿ ಸಂಬಳವಿಲ್ಲದೆ ಬರೆದುಕೊಂಡು, ಕೆಲಸ ಖಾಲಿಯಾಗುವುದನ್ನು ಕಾಯುತ್ತಿದ್ದವನಿಗೆ ಉಮೇದುವಾರನೆಂದು ಹೆಸರಿತ್ತು. ಅವನ ತಮ್ಮನೇ ಈ ಇಂಟರ್ನ್. ಅದಕ್ಕೂ ಹಿಂದೆ ಗುರುವಿನ ಮನೆಯಲ್ಲಿ ಸೌದೆ ಹೊತ್ತು ವೇದ ಕಲಿತ ಅಂತೇವಾಸಿಯು ಇವರಿಬ್ಬರಿಗೂ ಪಿತಾಮಹ.

ಹುಡುಗನ ದಿನಚರಿ ಹೇಗಿರುವುದೆಂದು ಕೇಳಿದೆನು. ಬೆಳಗಾಗುವುದಕ್ಕೆ ಮುಂಚೆ ಎದ್ದು, ಒಂದೊಂದೂ ಸುಮಾರು ೧೫ ಕಿಲೋ ತೂಗುವ ಸಿಲಿಂಡರುಗಳನ್ನು ದೋಣಿಗೆ ಹೊರುವುದು. ಬಂದ ಯಾತ್ರಿಕರ ಆರೋಗ್ಯದ ಪತ್ರಗಳನ್ನು ನೋಡುವುದು. ವಾಂತಿ ಮಾಡಿಕೊಂಡವರಿಗೆ ನೀರು ಕೊಡುವುದು. ಹಿಂದಿರುಗಿದ ಮೇಲೆ ಉಪ್ಪು ಹಿಡಿದ ಸಾಮಾನನ್ನೆಲ್ಲ ಸಿಹಿನೀರಿನಲ್ಲಿ ತೊಳೆದು ಒಣಗಿಸುವುದು. ಸಿಲಿಂಡರುಗಳಿಗೆ ಮತ್ತೆ ಗಾಳಿ ತುಂಬಿಸುವುದು. ದೋಣಿ ಹೊರಡುವಾಗಲೂ ತಿರುಗುವಾಗಲೂ ತಲೆ ಎಣಿಸುವುದು. “ಇದೆಲ್ಲ ಜವಾನನ ಕೆಲಸವಲ್ಲವೆ?” ಎಂದು ತಂದೆ ಬೇಸರಪಟ್ಟರು. ಆದರೆ ತಲೆ ಎಣಿಸುವ ಕೆಲಸವನ್ನೇ ನೋಡಿರಿ. ೧೯೯೮ರ ಜನವರಿಯಲ್ಲಿ ಆಸ್ಟ್ರೇಲಿಯ ದೇಶದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬದಲ್ಲಿ ಎಣಿಕೆ ತಪ್ಪಿ, ನೀರಿನಲ್ಲಿದ್ದ ದಂಪತಿಗಳಿಬ್ಬರನ್ನು ಬಿಟ್ಟು ದೋಣಿ ದಡಕ್ಕೆ ಬಂದುಬಿಟ್ಟಿತು. ಅವರ ಚೀಲ ದೋಣಿಯಲ್ಲಿಯೇ ಉಳಿದಿದ್ದುದು ಗಮನಕ್ಕೆ ಬಂದುದು ಎರಡು ದಿನಗಳ ಮೇಲೆ. ಆ ದಂಪತಿಗಳು ಮತ್ತೆ ಸಿಕ್ಕಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುವುದು ಜವಾನನ ಕೆಲಸವೆಂದು ಇದನ್ನು ಕೇಳಿದವರು ಹೇಳಲಾರರು.

ಇನ್ನು ಅಲ್ಲಿಯ ಪಾಠ. ಸಿಲಿಂಡರಿನಲ್ಲಿ ಆಮ್ಲಜನಕ ತುಂಬಿರುತ್ತಾರೆಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದುದು. ಬರಿಯ ಆಮ್ಲಜನಕವು ಸುಮಾರು ೬ ಮೀಟರಿಗಿಂತ ಕೆಳಗೆ ವಿಷದಂತೆ ವರ್ತಿಸಬಹುದು. ನೀರಿನಲ್ಲಿ ಪ್ರತಿ ೧೦ ಮೀಟರು ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಗೃಹಸ್ಥರು ಲೆಕ್ಕ ಹಾಕಿ ನೋಡಬಹುದು: ೧೨ ಲೀಟರಿನ ಸಿಲಿಂಡರಿನಲ್ಲಿ ಇನ್ನೂರರಷ್ಟು ಒತ್ತಿ ತುಂಬಿದರೆ ೨,೪೦೦ ಲೀಟರು ಗಾಳಿಯಾಯಿತು. ನಿಮಿಷಕ್ಕೆ ೨೦ ಲೀಟರು ಉಸಿರಾಡುವವನಿಗೆ ದಡದಲ್ಲಿ ಅದು ೧೨೦ ನಿಮಿಷ ಬರುತ್ತದೆ. ೨೦ ಮೀಟರು ಆಳದಲ್ಲಿ ಒತ್ತಡ ಮೂರರಷ್ಟಾದುದರಿಂದ ೪೦ ನಿಮಿಷ ಮಾತ್ರ. ಆಪತ್ತಿಗೆಂದು ಕಾಲುಭಾಗವನ್ನು ಮುಟ್ಟದೆ ಇಟ್ಟರೆ ಉಳಿಯುವುದು ೩೦ ನಿಮಿಷ. ಹೆದರಿದವನು ಬೇಗಬೇಗ ಉಸಿರೆಳೆದರೆ ಅದೂ ಇಲ್ಲ. ಧೈರ್ಯವೆಂಬುದು ಗುಣ ಮಾತ್ರವಲ್ಲ, ಅಲ್ಲಿ ಅದು ಗಾಳಿಯ ಲೆಕ್ಕವೂ ಹೌದು.

ಆಳದಿಂದ ಮೇಲಕ್ಕೆ ಬರುವಾಗ ಇದೇ ಲೆಕ್ಕ ತಿರುಗುಮುರುಗು. ೧೦ ಮೀಟರಿನಲ್ಲಿ ಎದೆತುಂಬ ಎಳೆದ ಉಸಿರನ್ನು ಹಿಡಿದುಕೊಂಡು ಮೇಲಕ್ಕೆ ಬಂದರೆ ಆ ಗಾಳಿ ಎರಡರಷ್ಟಾಗಿ ಹಿಗ್ಗಿ ಶ್ವಾಸಕೋಶವನ್ನು ಹರಿದೀತು. ಆದುದರಿಂದ ಆ ಗುರುಕುಲದ ಪ್ರಥಮ ಸೂತ್ರ: ಉಸಿರನ್ನು ಎಂದಿಗೂ ಕಟ್ಟಬೇಡ. ಪ್ರಾಣಾಯಾಮದ ಕುಂಭಕವು ಅಲ್ಲಿ ನಿಷಿದ್ಧ. ಎರಡನೆಯದು, ಆತುರದಿಂದ ಮೇಲಕ್ಕೆ ಬರಬೇಡ. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕವು ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಪೀಡಿಸುತ್ತದೆ. ಅದಕ್ಕಾಗಿಯೇ ಐದು ಮೀಟರು ಆಳದಲ್ಲಿ ಮೂರು ನಿಮಿಷ ನಿಂತು ಬರುವ ರೂಢಿ. ನೀರಿನಿಂದ ಬಂದ ದಿನವೇ ವಿಮಾನ ಹತ್ತಬಾರದೆನ್ನುವುದೂ ಇದರಿಂದಲೇ. ನಮ್ಮ ಸೀಮೆ ಕಡಲಿಗಿಂತ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಆದುದರಿಂದ ಸಂಜೆ ದೋಣಿ ಇಳಿದವನು ರಾತ್ರಿಯೇ ಬಸ್ಸು ಹಿಡಿದು ಘಟ್ಟ ಹತ್ತದಿರುವುದು ಲೇಸು. ಮಗನನ್ನು ನೋಡಬೇಕೆಂಬ ತಾಯಿಯ ಆತುರವೂ ಒಂದು ದಿನ ತಡೆದುಕೊಳ್ಳಬೇಕು.

ಆಳವೆಂದರೆ ನಮ್ಮವರಿಗೆ ಹೊಸದೇನೂ ಅಲ್ಲ. ೨೦೦೧ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಎಂಬ ಭಾಗವು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿಗೆ ಇಳಿದವರ ತಾಯಂದಿರೂ ಪ್ರತಿದಿನ ಬಾಗಿಲಲ್ಲಿ ನಿಂತು ಕಾದವರೇ.

ಈಗ ನಾನು ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ಉಪಾಧ್ಯಾಯನಾಗಿ ಕೆಲವೇ ವರ್ಷಗಳಾಗಿದ್ದಾಗ, ಒಳ್ಳೆಯ ಮಳೆಯಾಗಿ ಕುಂಟೆ ತುಂಬಿದ ವರ್ಷ, ಈಜು ಬಾರದ ಹುಡುಗನೊಬ್ಬನು ಜಾರಿ ಬಿದ್ದನು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಈಜುತ್ತಿದ್ದವನು ಹಿಂದುಮುಂದು ನೋಡದೆ ಹಾರಿದನು. ಮುಳುಗುತ್ತಿದ್ದವನು ಅವನ ಕೊರಳನ್ನು ತಬ್ಬಿದನು. ದಡದಲ್ಲಿದ್ದವರು ಹಗ್ಗ ತಂದು ಎಸೆದಾಗ ಬಿದ್ದವನು ಅದನ್ನು ಹಿಡಿದು ಬದುಕಿದನು, ಹಾರಿದವನು ಬದುಕಲಿಲ್ಲ. ಆ ವಾರವೇ ನಾನು ಪರೋಪಕಾರವೆಂಬ ಪಾಠವನ್ನು ಬಹಳ ರಸವತ್ತಾಗಿ ಹೇಳಿದ್ದೆನು. ಹಗ್ಗದ ವಿಷಯ ಹೇಳಿರಲಿಲ್ಲ. ಈಜು ಬಲ್ಲವನೆಂದರೆ ರಕ್ಷಿಸಬಲ್ಲವನೆಂದು ನಾನೂ ನಂಬಿದ್ದೆನು.

ಹುಡುಗನು ತನ್ನ ಪರೀಕ್ಷೆಗಳ ವಿವರವನ್ನು ಓದುತ್ತಿದ್ದಾಗ ನನ್ನ ಮನಸ್ಸು ಆ ಕುಂಟೆಯ ದಡಕ್ಕೆ ಹೋಗಿತ್ತು. ೪೦೦ ಮೀಟರು ಈಜಬೇಕು. ಹದಿನೈದು ನಿಮಿಷ ತೇಲಿಕೊಂಡಿರಬೇಕು. ದಣಿದವನನ್ನು ೧೦೦ ಮೀಟರು ಎಳೆದು ತರಬೇಕು. ಪ್ರಜ್ಞೆ ತಪ್ಪಿದವನನ್ನು ಮೇಲಕ್ಕೆತ್ತಿ ಉಸಿರೂದಬೇಕು. ಇನ್ನೊಂದು ಪರೀಕ್ಷೆಯಲ್ಲಿ ಇಬ್ಬರು ನೀರಿನಡಿಯಲ್ಲಿ ಒಂದೇ ಕೊಳವೆಯಿಂದ ಸರದಿಯಾಗಿ ಉಸಿರಾಡುತ್ತ, ಮೈಮೇಲಿನ ಸಾಮಾನನ್ನೆಲ್ಲ ಪರಸ್ಪರ ಬದಲಾಯಿಸಿಕೊಳ್ಳಬೇಕು. ನಿನ್ನ ಉಸಿರು ಅವನ ಕೈಯಲ್ಲಿ, ಅವನ ಉಸಿರು ನಿನ್ನ ಕೈಯಲ್ಲಿ. ಈ ವೃತ್ತಿಯ ಸಾರವೆಲ್ಲ ಅಲ್ಲಿದೆಯೆಂದು ನನಗೆ ತೋರಿತು. ತಾನು ಇಳಿಯುವುದಲ್ಲ, ಇಳಿದವರನ್ನು ಎಣಿಸಿ ಹಿಂದಕ್ಕೆ ತರುವುದೇ ಅಲ್ಲಿ ಕಲಿಯತಕ್ಕ ವಿದ್ಯೆ.

ಆದರೆ ವಿದ್ಯೆ ಒಳ್ಳೆಯದಾದ ಮಾತ್ರಕ್ಕೆ ಕರಾರೂ ಒಳ್ಳೆಯದೆಂದಲ್ಲ. ಸಂಸ್ಕೃತದಲ್ಲಿ ಶುಶ್ರೂಷಾ ಎಂಬ ಶಬ್ದವುಂಟು. ಸೇವೆಯೆಂದು ನಾವು ಅದಕ್ಕೆ ಅರ್ಥ ಹೇಳುತ್ತೇವೆ. ಧಾತುವಿನಿಂದ ನೋಡಿದರೆ ಅದರ ಅರ್ಥ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳುವುದಕ್ಕಾಗಿ ಹತ್ತಿರವಿದ್ದು ಮಾಡಿದ ಕೆಲಸವೇ ಸೇವೆಯಾಯಿತು. ಕೇಳುವುದಕ್ಕೆ ಏನೂ ಇಲ್ಲದೆ ಹೊರುವುದು ಮಾತ್ರ ಉಳಿದರೆ ಅದು ಶುಶ್ರೂಷೆಯಲ್ಲ, ಬಿಟ್ಟಿ ಚಾಕರಿ. ಹುಡುಗನು ಮೊದಲು ಆರಿಸಿದ್ದ ಕೇಂದ್ರದವರ ಪತ್ರದಲ್ಲಿ ಮಾಡಬೇಕಾದ ಕೆಲಸಗಳು ಹನ್ನೊಂದಿದ್ದುವು; ಕಲಿಸುವ ಗಂಟೆಗಳ ಮಾತು ಒಂದೂ ಇರಲಿಲ್ಲ. ಅದನ್ನು ಬಿಡಿಸಿದೆನು. ಬೇರೊಬ್ಬರು ನಮ್ಮ ಪ್ರಶ್ನೆಗಳಿಗೆ ಬರವಣಿಗೆಯಲ್ಲಿಯೇ ಉತ್ತರ ಕೊಟ್ಟರು.

ಆ ಪ್ರಶ್ನೆಗಳು ಇವು. ವಾರಕ್ಕೆ ಎಷ್ಟು ದಿನ ದುಡಿಮೆ, ಎಷ್ಟು ದಿನ ಪಾಠ, ಎಷ್ಟು ವಿಶ್ರಾಂತಿ? ಕಲಿಸುವ ಶಿಕ್ಷಕನ ಪದವಿ ಈಗಲೂ ಊರ್ಜಿತದಲ್ಲಿದೆಯೆ? ಊಟ, ವಸತಿ, ಪುಸ್ತಕ, ಪರೀಕ್ಷೆಯ ಶುಲ್ಕ ಯಾರದು? ಪೂರ್ತಿ ಶಿಕ್ಷಣವಾಗುವುದಕ್ಕೆ ಮುಂಚೆ ಯಾತ್ರಿಕರನ್ನು ಇವನೊಬ್ಬನ ಕೈಗೇ ಒಪ್ಪಿಸುವರೆ? ದೋಣಿಯಲ್ಲಿ ಆಪತ್ತಿನ ಆಮ್ಲಜನಕವೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇರುವುವೆ? ಅಪಘಾತದ ವಿಮೆಯುಂಟೆ? ಕಡಲು ಕೆಟ್ಟ ದಿನ ಯಾತ್ರೆಯನ್ನು ನಿಲ್ಲಿಸುವ ಅಧಿಕಾರ ಯಾರಿಗೆ? ಮಧ್ಯದಲ್ಲಿ ಬಿಟ್ಟು ಬಂದರೆ ಕಟ್ಟಿದ ಹಣದ ಗತಿಯೇನು? ಇವುಗಳಿಗೆ ಸಿಡುಕುವ ಕೇಂದ್ರಕ್ಕೆ ಮಗನನ್ನಾಗಲಿ ಮಗಳನ್ನಾಗಲಿ ಕಳುಹಿಸತಕ್ಕದ್ದಲ್ಲ. ಹೊರಡುವ ಮುನ್ನ ವೈದ್ಯರಿಂದ ಕಿವಿ, ಎದೆ, ಶ್ವಾಸಕೋಶಗಳನ್ನು ಪರೀಕ್ಷಿಸಿ ಪತ್ರ ಪಡೆಯುವುದು ಅವಶ್ಯ. ಉಬ್ಬಸವಿದ್ದುದನ್ನು ಮುಚ್ಚಿಟ್ಟು ನೀರಿಗಿಳಿಯುವುದು ತನಗೂ ಜೊತೆಗಾರನಿಗೂ ಮಾಡುವ ದ್ರೋಹ.

ಹುಡುಗನು ಹೋದನು. ಈ ವರ್ಷ ಮುಂಗಾರಿಗೆ ಕಡಲು ಮುಚ್ಚಿದ ಮೇಲೆ, ಕರಿದಾಗಿ, ತೆಳ್ಳಗಾಗಿ, ಡೈವ್ ಮಾಸ್ಟರ್ ಪತ್ರದೊಡನೆ ಮನೆಗೆ ಬಂದನು. ಬರುವ ಋತುವಿಗೆ ಅಲ್ಪ ಸಂಬಳದ ಕೆಲಸವೂ ನಿಶ್ಚಯವಾಗಿದೆ. ಉಳಿದ ತಿಂಗಳುಗಳಿಗೆ ದಾರಿ ಹುಡುಕಬೇಕು. “ಬಹಳ ಕಷ್ಟವಾದುದು ಯಾವುದಪ್ಪ?” ಎಂದು ಕೇಳಿದೆನು. “ದೂರದಿಂದ ಹಣ ಕೊಟ್ಟು ಬಂದವರಿಗೆ, ನಿಮಗೆ ನೆಗಡಿಯಾಗಿದೆ, ಕಿವಿಗೆ ಅಪಾಯ, ಈ ದಿವಸ ಇಳಿಸುವುದಿಲ್ಲ ಎಂದು ಹೇಳುವುದು, ಸಾರ್” ಎಂದನು. ಆಗ ನನಗೆ ಹಣ ವ್ಯರ್ಥವಾಗಲಿಲ್ಲವೆನಿಸಿತು.

೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿದೆ. ಆ ನೀರು ಈಜುವುದಕ್ಕೆ ತಕ್ಕುದಲ್ಲ. ಒಣಕೆರೆಯಲ್ಲಿ ಆಡಿ ಬೆಳೆದ ಮಕ್ಕಳಿಗೆ ನೀರಿನ ಭಯವೂ ತಿಳಿಯದು. ಕಳೆದ ಭಾನುವಾರ ಆ ಹುಡುಗನು ಬೀದಿಯ ಮಕ್ಕಳನ್ನು ನಮ್ಮ ಜಗುಲಿಯ ಮುಂದೆ ಸೇರಿಸಿದನು. ಯಾರಾದರೂ ಬಿದ್ದರೆ ಹಾರಬೇಡಿರಿ. ಕೂಗಿ ದೊಡ್ಡವರನ್ನು ಕರೆಯಿರಿ. ಹಗ್ಗ, ಸೀರೆ, ಬಿದಿರು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕುದನ್ನು ದಡದಿಂದಲೇ ಎಸೆಯಿರಿ ಎಂದು ಹೇಳಿ, ನಮ್ಮ ಬಾವಿಯ ಹಳೆಯ ಹಗ್ಗದಿಂದ ಒಬ್ಬೊಬ್ಬರ ಕೈಯಲ್ಲೂ ಎಸೆಯಿಸಿದನು.

ಆತನ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಕೆಯ ಭಯ ಪೂರ್ತಿಯಾಗಿ ಹೋಗಿಲ್ಲ. ಹೋಗಬೇಕೆಂದು ನಾನೂ ಹೇಳುವುದಿಲ್ಲ. ನಾನು ಹೇಳದೆ ಬಿಟ್ಟಿದ್ದ ಪಾಠವನ್ನು ನನ್ನ ಶಿಷ್ಯನು ಹೇಳುತ್ತಿದ್ದನು. ನಾನೂ ಮಕ್ಕಳ ಸಾಲಿನಲ್ಲಿ ನಿಂತು ಹಗ್ಗವನ್ನು ಒಂದು ಸಾರಿ ಎಸೆದೆನು.